‘ಚಾಸ್’ ಎಂದರೆ ಎಷ್ಟು ಹೊತ್ತು?

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಂದು ಕಾರಿನ ಜವ ಗಂಟೆಗೆ 50 ಕಿಲೋಮೀಟರ್. ಇನ್ನೊಂದು ಕಾರಿನ ಜವ ವರ್ಷಕ್ಕೆ 50 ಕಿಲೋಮೀಟರ್. ಎರಡನೆಯ ಕಾರು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಚಲಿಸುತ್ತದೆ?

ವರ್ಷಕ್ಕೆ 365 ದಿನ, ದಿನಕ್ಕೆ 24 ಗಂಟೆ. ಒಟ್ಟು 8,760 ಗಂಟೆ. 50,000 ಮೀಟರುಗಳನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 5.7 ಮೀಟರ್ ಬರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 1.6 ಮಿಲಿಮೀಟರ್. ಹಿತ್ತಲಿನ ಬಸವನಹುಳು ತೆವಳುವುದೂ ಹೆಚ್ಚುಕಡಿಮೆ ಇದೇ ಜವದಲ್ಲಿ.

ಇಂಥ ಕಾರು ಎಲ್ಲಿದೆ ಎಂದು ನೀವು ಕೇಳಬಹುದು. ನಾನು ಅದನ್ನು ಕಂಡದ್ದು ಶಾಲೆಯ ಒಂದು ಭೌತವಿಜ್ಞಾನ ಪುಸ್ತಕದಲ್ಲಿ. ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ಪ್ರಬಂಧಗಳನ್ನು ಓದುವ ಅಗತ್ಯಕ್ಕಾಗಿ ರಷ್ಯನ್ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ. ಬಹಳ ವರ್ಷಗಳ ನಂತರ ಗೆಳೆಯರೊಬ್ಬರು ಉಕ್ರೇನಿಯನ್ ಭಾಷೆಯ ಪಠ್ಯಪುಸ್ತಕವೊಂದನ್ನು ತೋರಿಸಿದರು. ಲಿಪಿ ಪರಿಚಿತವಾದದ್ದೇ. ಓದಬಲ್ಲೆನೆಂಬ ಧೈರ್ಯದಿಂದ ಪುಟ ತಿರುವಿದೆ. ಕಾರಿನ ಜವದ ಲೆಕ್ಕವೊಂದರಲ್ಲಿ ‘ಕಿಮೀ’ಯ ಮುಂದೆ ಓರೆಗೆರೆ, ಅದರ ಮುಂದೆ ಮೂರು ಅಕ್ಷರಗಳು. ರಷ್ಯನ್ ರೀತಿಯಲ್ಲಿ ಅದನ್ನು ‘ಗೊದ್’ ಎಂದು ಓದಿದೆ. ರಷ್ಯನ್ನಿನಲ್ಲಿ ‘ಗೊದ್’ ಎಂದರೆ ವರ್ಷ! ಅಚ್ಚಿನ ದೋಷವಿರಬೇಕೆಂದು ಭಾವಿಸಿದೆ. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಆಗ ತಿಳಿಯಿತು, ದೋಷ ಪುಸ್ತಕದ್ದಲ್ಲ, ಓದುಗನದು. ಉಕ್ರೇನಿಯನ್ನಿನಲ್ಲಿ ಆ ಮೂರು ಅಕ್ಷರಗಳು ‘ಹೊದಿನಾ’ ಎಂಬ ಪದದ ಸಂಕ್ಷಿಪ್ತ ರೂಪ. ‘ಹೊದಿನಾ’ ಎಂದರೆ ಗಂಟೆ.

ಹಾಗಾದರೆ ರಷ್ಯನ್ನಿನಲ್ಲಿ ಗಂಟೆಗೆ ಏನೆನ್ನುತ್ತಾರೆ? ‘ಚಾಸ್’ ಎನ್ನುತ್ತಾರೆ. ಉಕ್ರೇನಿಯನ್ನಿನಲ್ಲಿ ‘ಚಾಸ್’ ಪದ ಇಲ್ಲವೇ? ಇದೆ. ಅದರ ಅರ್ಥ ಗಂಟೆಯಲ್ಲ, ಕಾಲ. ಮೂರೇ ಅಕ್ಷರಗಳ ಈ ‘ಚಾಸ್’ ಒಂದೇ ಲಿಪಿಯ ನೆರೆಹೊರೆಯ ಭಾಷೆಗಳಲ್ಲಿ ಪಡೆದ ಬೇರೆ ಬೇರೆ ಅರ್ಥಗಳ ಕಥೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಕಾಲವನ್ನು ಅಳೆಯುವವರಿಗೂ ಅಳತೆಯನ್ನು ಕಲಿಸುವವರಿಗೂ ಈ ಕಥೆಯಲ್ಲಿ ಒಂದು ಪಾಠವಿದೆ.

ಒಂದೇ ಲಿಪಿ, ಹಲವು ಭಾಷೆ

ನಾವು ‘ರಷ್ಯನ್ ಲಿಪಿ’ ಎಂದು ಕರೆಯುವುದರ ನಿಜವಾದ ಹೆಸರು ಸಿರಿಲಿಕ್. ಒಂಬತ್ತನೆಯ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಸ್ಲಾವ್ ಜನರಿಗೆ ಅವರದೇ ಭಾಷೆಯಲ್ಲಿ ಕ್ರೈಸ್ತ ಗ್ರಂಥಗಳನ್ನು ಒದಗಿಸಲು ಹೊರಟರು. ಅದಕ್ಕಾಗಿ ರಚಿಸಿದ ಲಿಪಿ ಗ್ಲಾಗೊಲಿಟಿಕ್. ಸ್ವಲ್ಪ ಕಾಲದ ನಂತರ ಬಲ್ಗೇರಿಯಾದಲ್ಲಿ, ಗ್ರೀಕ್ ಅಕ್ಷರಗಳನ್ನು ಆಧಾರವಾಗಿಟ್ಟುಕೊಂಡು ಇನ್ನೊಂದು ಲಿಪಿ ರೂಪುಗೊಂಡಿತು. ಸಿರಿಲ್‌ನ ಗೌರವಾರ್ಥ ಅದಕ್ಕೆ ಸಿರಿಲಿಕ್ ಎಂಬ ಹೆಸರು ಬಂದಿತು. ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್, ಬಲ್ಗೇರಿಯನ್, ಸರ್ಬಿಯನ್, ಮೆಸಿಡೋನಿಯನ್ ಭಾಷೆಗಳಿಗೆ ಇಂದಿಗೂ ಇದೇ ಲಿಪಿ. ಸ್ಲಾವ್ ಕುಟುಂಬಕ್ಕೆ ಸೇರದ ಮಂಗೋಲಿಯನ್, ಕಿರ್ಗಿಜ್, ತಾಜಿಕ್ ಮುಂತಾದ ಭಾಷೆಗಳೂ ಇದನ್ನು ಬಳಸುತ್ತವೆ.

ಈಗ ಎರಡು ಪದಗಳನ್ನು ಅಕ್ಕಪಕ್ಕ ಇಡೋಣ. ಒಂದು ‘ಚಾಸ್’, ಇನ್ನೊಂದು ‘ಗೊದಿನಾ’. ಉಕ್ರೇನಿಯನ್ನರು ಎರಡನೆಯದರ ಮೊದಲ ಅಕ್ಷರವನ್ನು ‘ಹ’ಕಾರದಂತೆ ಉಚ್ಚರಿಸುವುದರಿಂದ ಅವರಲ್ಲಿ ಅದು ‘ಹೊದಿನಾ’. ಬರೆಯುವ ಅಕ್ಷರಗಳು ಮಾತ್ರ ಅವೇ.

ರಷ್ಯನ್: ಚಾಸ್ ಎಂದರೆ ಗಂಟೆ, ಗೊದಿನಾ ಎಂದರೆ ಸಂಕಟದ ಕಾಲ, ಯುದ್ಧಕಾಲ ಎಂಬಂಥ ಗಂಭೀರ ಅರ್ಥ.

ಉಕ್ರೇನಿಯನ್: ಚಾಸ್ ಎಂದರೆ ಕಾಲ; ಹೊದಿನಾ ಎಂದರೆ ಗಂಟೆ.

ಬೆಲರೂಸಿಯನ್: ಚಾಸ್ ಎಂದರೆ ಕಾಲ, ಹದ್ಜೀನಾ ಎಂದರೆ ಗಂಟೆ.

ಬಲ್ಗೇರಿಯನ್ ಮತ್ತು ಮೆಸಿಡೋನಿಯನ್: ಚಾಸ್ ಎಂದರೆ ಗಂಟೆ, ಶಾಲೆಯ ಪಾಠದ ಅವಧಿಯೂ ಹೌದು, ಗೊದಿನಾ ಎಂದರೆ ವರ್ಷ.

ಸರ್ಬಿಯನ್: ಚಾಸ್ ಎಂದರೆ ಕ್ಷಣ, ಶಾಲೆಯ ಪಾಠದ ಅವಧಿ, ಗಂಟೆಯೂ ಹೌದು, ಗೊದಿನಾ ಎಂದರೆ ವರ್ಷ.

ಒಮ್ಮೆ ನಿಧಾನವಾಗಿ ಗಮನಿಸಿ. ಒಂದೇ ಪದ ಒಂದು ಕಡೆ ಕ್ಷಣ, ಒಂದು ಕಡೆ 45 ನಿಮಿಷದ ಪಾಠ, ಒಂದು ಕಡೆ 60 ನಿಮಿಷ, ಇನ್ನೊಂದು ಕಡೆ ಕೊನೆಮೊದಲಿಲ್ಲದ ಕಾಲ! ಅದರ ಜೊತೆಯ ಪದ ಒಂದು ಕಡೆ ಗಂಟೆ, ಇನ್ನೊಂದು ಕಡೆ ವರ್ಷ.

ಇದು ಹೇಗಾಯಿತು?

ಗ್ರೀಕರ ‘ಹೋರಾ’

ಸಿರಿಲ್ ಮತ್ತು ಅವನ ಶಿಷ್ಯರು ಭಾಷಾಂತರಿಸುತ್ತಿದ್ದ ಗ್ರೀಕ್ ಗ್ರಂಥಗಳಲ್ಲಿ ‘ಹೋರಾ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಗ್ರೀಕರಲ್ಲಿ ಇದರ ಮೊದಲ ಅರ್ಥ ಋತು. ಅನಂತರ ತಕ್ಕ ಸಮಯ ಎಂಬ ಅರ್ಥವೂ ಕೊನೆಗೆ ದಿನದ ಒಂದು ಪಾಲು ಎಂಬ ಅರ್ಥವೂ ಬಂದವು. ಇಂಗ್ಲಿಷಿನಲ್ಲಿ ಗಂಟೆಗೆ ಇರುವ ‘ಅವರ್’ ಪದದ ಮೂಲ ಇದೇ. ನಮ್ಮ ಜ್ಯೋತಿಷ ಗ್ರಂಥಗಳ ‘ಹೋರಾ’ ಕೂಡ ಇದೇ ಪದ. ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಬಿಟ್ಟರೆ ‘ಹೋರಾ’ ಎಂದಾಗುತ್ತದೆ ಎಂಬ ವಿವರಣೆಯನ್ನು ಆರನೆಯ ಶತಮಾನದ ವರಾಹಮಿಹಿರ ಉಲ್ಲೇಖಿಸಿದ್ದಾನೆ. ಅದು ಜಾಣ ವಿವರಣೆಯೇ ಹೌದು. ಆದರೆ ಪದ ಗ್ರೀಕಿನಿಂದ ಬಂದದ್ದೆಂಬುದು ವಿದ್ವಾಂಸರ ತೀರ್ಮಾನ.

ಪ್ರಾಚೀನ ಸ್ಲಾವೋನಿಕ್ ಹಸ್ತಪ್ರತಿಗಳಲ್ಲಿ ಗ್ರೀಕಿನ ‘ಹೋರಾ’ಗೆ ಸಮಾನವಾಗಿ ‘ಚಾಸ್’ ಮತ್ತು ‘ಗೊದಿನಾ’ ಎರಡೂ ಬಳಕೆಯಾಗಿವೆ. ಆಗ ಈ ಎರಡರ ನಡುವೆ ಗಟ್ಟಿಯಾದ ಗೆರೆ ಇರಲಿಲ್ಲ. ‘ಗೊದಿನಾ’ದ ಬೇರು ‘ಗೊದ್’. ಅದರ ಹಳೆಯ ಅರ್ಥ ತಕ್ಕ ಸಮಯ. ಬಿತ್ತನೆಗೆ ತಕ್ಕ ಸಮಯ, ಹಬ್ಬಕ್ಕೆ ತಕ್ಕ ಸಮಯ ಎಂದು ಹೇಳುವ ಜನರಿಗೆ ಅದು ಎಷ್ಟು ನಿಮಿಷವೆಂಬುದು ಮುಖ್ಯವಲ್ಲ. ಅಳೆಯುವ ಅಗತ್ಯ ಬಂದಾಗ ಮಾತ್ರ ಪದಕ್ಕೆ ಬೇಲಿ ಹಾಕಬೇಕಾಗುತ್ತದೆ. ಒಂದೊಂದು ಜನಾಂಗವೂ ತನ್ನ ಬೇಲಿಯನ್ನು ಬೇರೆ ಬೇರೆ ಕಡೆ ಹಾಕಿಕೊಂಡಿತು. ಒಬ್ಬರು ‘ಗೊದ್’ ಗುಂಪಿನ ಪದವನ್ನು ಸೂರ್ಯನ ವಾರ್ಷಿಕ ಸುತ್ತಿಗೆ ಕೊಟ್ಟರು. ಇನ್ನೊಬ್ಬರು ದಿನದ ಇಪ್ಪತ್ತನಾಲ್ಕನೆಯ ಒಂದು ಭಾಗಕ್ಕೆ ಕೊಟ್ಟರು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ರೋಮನ್ ಲಿಪಿಯಲ್ಲಿ ಬರೆಯುವ ಪೋಲಿಷ್ ಮತ್ತು ಚೆಕ್ ಭಾಷೆಗಳಲ್ಲೂ ಇವೇ ಪದಗಳಿವೆ. ಅಲ್ಲಿ ‘ಚಾಸ್’ ಎಂದರೆ ಕಾಲ. ಪೋಲಿಷಿನ ‘ಗೊಜಿನಾ’, ಚೆಕ್‌ನ ‘ಹೊದಿನಾ’ ಎಂದರೆ ಗಂಟೆ. ಉಕ್ರೇನ್ ಮತ್ತು ಬೆಲರೂಸ್‌ನ ನಾಡುಗಳು ಶತಮಾನಗಳ ಕಾಲ ಲಿಥುವೇನಿಯಾ ಮತ್ತು ಪೋಲೆಂಡುಗಳ ಆಡಳಿತದಲ್ಲಿದ್ದವು. ಅಂದರೆ ಉಕ್ರೇನಿಯನ್ ತನ್ನ ಲಿಪಿಯನ್ನು ಮಾಸ್ಕೋ ಜೊತೆ ಹಂಚಿಕೊಂಡಿದ್ದರೂ ಈ ಪದಗಳ ಅರ್ಥವನ್ನು ವಾರ್ಸಾ ಮತ್ತು ಪ್ರಾಗ್ ನಗರಗಳ ಜೊತೆ ಹಂಚಿಕೊಂಡಿದೆ. ಲಿಪಿಯ ಗಡಿ ಒಂದು, ಅರ್ಥದ ಗಡಿ ಇನ್ನೊಂದು.

ಮಾಸ್ಕೋದ ಗಡಿಯಾರಗಳು

ರಷ್ಯನ್ನಿನಲ್ಲಿ ‘ಚಾಸ್’ ಗಂಟೆಯಾಗಿ ನೆಲೆನಿಂತುದಕ್ಕೆ ಚರ್ಚಿನ ಪ್ರಾರ್ಥನೆಗಳೂ ಗಡಿಯಾರಗಳೂ ಸಾಕ್ಷಿ ಹೇಳುತ್ತವೆ. ಆರ್ಥೊಡಾಕ್ಸ್ ಚರ್ಚಿನಲ್ಲಿ ಹಗಲಿನ ಒಂದನೆಯ, ಮೂರನೆಯ, ಆರನೆಯ ಮತ್ತು ಒಂಬತ್ತನೆಯ ‘ಚಾಸ್’ಗಳಿಗೆ ನಿಗದಿಯಾದ ಪ್ರಾರ್ಥನೆಗಳಿವೆ. ಆ ಪ್ರಾರ್ಥನೆಗಳ ಪುಸ್ತಕದ ಹೆಸರು ‘ಚಸಸ್ಲೋವ್’. ಸಿರಿಲಿಕ್ ಅಕ್ಷರಗಳಲ್ಲಿ ಅಚ್ಚಾದ ಅತ್ಯಂತ ಹಳೆಯ ಪುಸ್ತಕಗಳಲ್ಲಿ, ಕ್ರಾಕೋ ನಗರದಲ್ಲಿ 1491ರಲ್ಲಿ ಮುದ್ರಣವಾದವುಗಳಲ್ಲಿ, ಇದೂ ಒಂದು. ಬಹುಕಾಲ ರಷ್ಯಾದ ಮಕ್ಕಳು ಓದಲು ಕಲಿಯುತ್ತಿದ್ದುದು ಇಂಥ ಪುಸ್ತಕಗಳಿಂದಲೇ.

ಇನ್ನು ಯಂತ್ರದ ಗಡಿಯಾರ. 1404ರಲ್ಲಿ ಮಾಸ್ಕೋದ ಕ್ರೆಮ್ಲಿನ್ ಕೋಟೆಯೊಳಗೆ, ರಾಜಕುಮಾರ ಒಂದನೆಯ ವಸೀಲಿಯ ಅರಮನೆಯ ಅಂಗಳದಲ್ಲಿ ಮೊದಲ ಗೋಪುರ ಗಡಿಯಾರ ಸ್ಥಾಪನೆಯಾಯಿತು. ನಿರ್ಮಿಸಿದವನು ಗ್ರೀಸಿನ ಅಥೋಸ್ ಪರ್ವತದಿಂದ ಬಂದ ಲಾಜರ್ ಎಂಬ ಸನ್ಯಾಸಿ, ಹುಟ್ಟಿನಿಂದ ಸರ್ಬಿಯಾದವನು. ಪ್ರತಿ ಗಂಟೆಗೂ ಒಂದು ಸುತ್ತಿಗೆ ತಾನಾಗಿಯೇ ಗಂಟೆಯನ್ನು ಬಾರಿಸುತ್ತಿತ್ತು. ಮನುಷ್ಯನ ಕೈ ತಾಗದೆ ಅದು ನಡೆಯುವುದನ್ನು ಕಂಡು ಅಂದಿನ ಚರಿತ್ರೆಕಾರರು ಬೆರಗುಪಟ್ಟು ಬರೆದಿಟ್ಟಿದ್ದಾರೆ. ಅದಕ್ಕೆ 150 ರೂಬಲ್‌ಗಿಂತ ಹೆಚ್ಚು ಖರ್ಚಾಯಿತೆಂದೂ ದಾಖಲಿಸಿದ್ದಾರೆ. ರಷ್ಯನ್ನರಿಗೆ ‘ಚಾಸ್’ ಹೊಡೆಯುವ ಯಂತ್ರವನ್ನು ಕೊಟ್ಟವನು ಸರ್ಬಿಯನ್. ಆದರೆ ಅವನ ನಾಡಿನ ಇಂದಿನ ಭಾಷೆಯಲ್ಲಿ ಗಡಿಯಾರದ ಗಂಟೆಗೆ ‘ಚಾಸ್’ ಒಂದೇ ಪದವಾಗಿ ಉಳಿದಿಲ್ಲ. ಗಡಿಯಾರದ ಗಂಟೆಗೆ ಅವರಲ್ಲಿ ‘ಸಾತ್’ ಎಂಬ ಮಾತೂ ಇದೆ. ಅದು ಅರಬ್ಬಿಯ ಪದ. ಆಟೊಮನ್ ಆಳ್ವಿಕೆಯ ಶತಮಾನಗಳಲ್ಲಿ ತುರ್ಕಿಯ ಮೂಲಕ ಬಂದದ್ದು. ಗಡಿಯಾರದ ಕೆಲಸವನ್ನು ಹೊಸ ಪದದ ಜೊತೆ ಹಂಚಿಕೊಂಡ ಹಳೆಯ ಪದಕ್ಕೆ ಕ್ಷಣ ಮತ್ತು ಪಾಠದ ಅವಧಿ ಎಂಬ ಅರ್ಥಗಳೂ ಇವೆ.

ಮಾಸ್ಕೋದಲ್ಲೇ ‘ಚಾಸ್’ ಎಣಿಸುವ ಕ್ರಮ ಇಂದಿನಂತಿರಲಿಲ್ಲ. ಸೂರ್ಯೋದಯದಿಂದ ಹಗಲಿನ ಗಂಟೆಗಳನ್ನು, ಸೂರ್ಯಾಸ್ತದಿಂದ ರಾತ್ರಿಯ ಗಂಟೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಮಾಸ್ಕೋದ ಅಕ್ಷಾಂಶ ಸುಮಾರು 56 ಡಿಗ್ರಿ ಉತ್ತರ. ಅಲ್ಲಿ ಬೇಸಗೆಯ ಅತಿ ದೀರ್ಘ ಹಗಲು ಸುಮಾರು ಹದಿನೇಳೂವರೆ ಗಂಟೆ. ಚಳಿಗಾಲದ ಅತಿ ಚಿಕ್ಕ ಹಗಲು ಸುಮಾರು 7 ಗಂಟೆ. ಆದ್ದರಿಂದ ಬೇಸಗೆಯಲ್ಲಿ ಹಗಲಿಗೆ 17, ರಾತ್ರಿಗೆ 7 ‘ಚಾಸ್’. ಚಳಿಗಾಲದಲ್ಲಿ ಇದರ ತಿರುಗುಮುರುಗು. ಬೆಂಗಳೂರಿನ 13 ಡಿಗ್ರಿ ಅಕ್ಷಾಂಶದಲ್ಲಿ ಹಗಲು ವರ್ಷವಿಡೀ ಸುಮಾರು ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷದಿಂದ ಸುಮಾರು ಹನ್ನೆರಡು ಗಂಟೆ ಐವತ್ತು ನಿಮಿಷದವರೆಗೆ ಮಾತ್ರ ಬದಲಾಗುವುದರಿಂದ ನಮಗೆ ಈ ಕಷ್ಟದ ಅನುಭವವಿಲ್ಲ.

ಸ್ಕಾಟ್ಲೆಂಡ್ ಮೂಲದ ಕ್ರಿಸ್ಟೊಫರ್ ಗ್ಯಾಲೊವೇ 1624-25ರಲ್ಲಿ ಕ್ರೆಮ್ಲಿನ್‌ನ ಸ್ಪಾಸ್ಕಯಾ ಗೋಪುರಕ್ಕೆ ಗಡಿಯಾರ ಕೂಡಿಸಿದಾಗ ಈ ಎಣಿಕೆಗೆ ತಕ್ಕಂತೆ ಅದರ ಮುಖಫಲಕದಲ್ಲಿ 17 ವಿಭಾಗಗಳಿದ್ದವು. ಮುಳ್ಳು ಸ್ಥಿರ, ಫಲಕವೇ ತಿರುಗುತ್ತಿತ್ತು! ಅಂಕಿಗಳ ಜಾಗದಲ್ಲಿ ಸಿರಿಲಿಕ್ ಅಕ್ಷರಗಳಿದ್ದವು. ಗ್ರೀಕರಂತೆ ಸ್ಲಾವರೂ ಅಕ್ಷರಗಳನ್ನೇ ಸಂಖ್ಯೆಗಳಾಗಿ ಬಳಸುತ್ತಿದ್ದರು: ಮೊದಲ ಅಕ್ಷರ ‘ಅ’ ಎಂದರೆ 1. ‘ಚಾಸ್’ನ ಮೊದಲ ಅಕ್ಷರವಾದ ‘ಚ’ ಎಂದರೆ 90. ಮುಂಜಾನೆಯಲ್ಲೂ ಮುಸ್ಸಂಜೆಯಲ್ಲೂ ಗಡಿಯಾರದ ಮೇಲ್ವಿಚಾರಕ ಫಲಕವನ್ನು ಹೊಸ ಎಣಿಕೆಗೆ ತರಬೇಕಾಗಿತ್ತು.

ಇದಕ್ಕೆ ಕೊನೆ ಹಾಡಿದವನು ಸಾಮ್ರಾಟ ಪೀಟರ್. ಅವನು ಹಾಲೆಂಡಿನಿಂದ ತರಿಸಿದ 12 ಗಂಟೆಯ ಫಲಕದ ಗಡಿಯಾರ 1706ರಲ್ಲಿ ಅದೇ ಗೋಪುರದಲ್ಲಿ ನಡೆಯತೊಡಗಿತು. ಅದಕ್ಕೆ ಮೊದಲೇ ಅವನು ವರ್ಷವನ್ನೂ ತಿದ್ದಿದ್ದ. ಸೆಪ್ಟೆಂಬರ್ 1ರಂದು ಆರಂಭವಾಗಿ, ಜಗತ್ತಿನ ಸೃಷ್ಟಿಯಿಂದ ಎಣಿಸುತ್ತಿದ್ದ ವರ್ಷಗಣನೆಯಲ್ಲಿ ಆಗ 7208 ನಡೆಯುತ್ತಿತ್ತು. ಪೀಟರನ ಆಜ್ಞೆಯಂತೆ ಅದು ನಾಲ್ಕೇ ತಿಂಗಳಿಗೆ ಮುಗಿದು 1700ರ ಜನವರಿ 1 ಬಂದಿತು. ಮುಂದೆ 1918ರಲ್ಲಿ ರಷ್ಯಾ ಗ್ರೆಗೊರಿಯನ್ ಕ್ಯಾಲೆಂಡರನ್ನು ಒಪ್ಪಿದಾಗ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು; ಆ ‘ಗೊದ್’ನಲ್ಲಿ ಇದ್ದದ್ದು 352 ದಿನ. ನಮ್ಮ ಆರಂಭದ ಲೆಕ್ಕವನ್ನು ಆ ವರ್ಷಕ್ಕೆ ಮಾಡಿದರೆ 8,760 ಎಂಬ ಸಂಖ್ಯೆಯೂ ತಪ್ಪಾಗುತ್ತದೆ.

ಒಂದೇ ಭಾಷೆಯೊಳಗೂ ಹಲವು ಅಳತೆ

ಪದ ಗಡಿ ದಾಟಿದಾಗ ಮಾತ್ರ ಅರ್ಥ ಬದಲಾಗುತ್ತದೆಂದು ತಿಳಿಯಬೇಡಿ. ರಷ್ಯನ್ನಿನಲ್ಲೇ ‘ಚಾಸ್’ 60 ನಿಮಿಷವಾದರೆ, ವಿಶ್ವವಿದ್ಯಾಲಯದ ‘ಅಕಾಡೆಮಿಕ್ ಚಾಸ್’ 45 ನಿಮಿಷ. ‘ಸೆಯ್‌ಚಾಸ್’ ಎಂಬ ಮಾತಿನ ಅಕ್ಷರಶಃ ಅರ್ಥ ‘ಈ ಗಂಟೆ’. ಬಳಕೆಯಲ್ಲಿ ‘ಈಗ, ಇದೋ ಬಂದೆ’. ಸರ್ಬಿಯನ್ನಿನಲ್ಲಿ ಉಳಿದ ‘ಕ್ಷಣ’ದ ಅರ್ಥ ರಷ್ಯನ್ನಿನಲ್ಲೂ ಇಲ್ಲಿ ಅಡಗಿ ಕುಳಿತಿದೆ. ಬಹುವಚನದ ‘ಚಸೀ’ ಎಂದರೆ ಗಡಿಯಾರ. ‘ಚಸವೋಯ್’ ಎಂದರೆ ಗಂಟೆಗಳ ಲೆಕ್ಕದಲ್ಲಿ ಕಾವಲು ನಿಲ್ಲುವ ಸಿಪಾಯಿ. ‘ಚಸೋವ್ನಿಕ್’ ಎಂದರೆ ರಷ್ಯನ್ನಿನಲ್ಲಿ ಪ್ರಾರ್ಥನಾ ಪುಸ್ತಕ, ಬಲ್ಗೇರಿಯನ್ನಿನಲ್ಲಿ ಗಡಿಯಾರ!

ಅದೇ ಲಿಪಿಯ ಮಂಗೋಲಿಯನ್ನಿಗೆ ಬನ್ನಿ. ಅಲ್ಲಿ ‘ತ್ಸಾಗ್’ ಎಂಬ ಪದವಿದೆ. ಕಾಲ, ಗಂಟೆ, ಗಡಿಯಾರ ಮೂರಕ್ಕೂ ಅದೊಂದೇ. ಕೇಳಲು ‘ಚಾಸ್’ನ ಸೋದರನಂತಿದೆ, ಆದರೆ ನೆಂಟಸ್ತಿಕೆ ಇಲ್ಲ. ಮಂಗೋಲಿಯನ್ ಬೇರೆಯೇ ಕುಟುಂಬದ ಭಾಷೆ. ತಾಜಿಕ್ ಭಾಷೆಯಲ್ಲಿ ಕಾಲಕ್ಕೆ ‘ವಕ್ತ್’, ಗಂಟೆಗೆ ‘ಸೋಅತ್’. ‘ವಕ್ತ್’ ಹಿಂದಿ-ಉರ್ದು ಬಲ್ಲವರಿಗೆ ಪರಿಚಿತ. ‘ಸೋಅತ್’ ಸರ್ಬಿಯಾದ ‘ಸಾತ್’ನ ಒಡಹುಟ್ಟು. ಹೋಲುವ ಪದಗಳು ನೆಂಟರಲ್ಲದಿರಬಹುದು, ದೂರದ ಪದಗಳು ನೆಂಟರಾಗಿರಬಹುದು.

ಹಾಗೆ ನೋಡಿದರೆ ನಮಗೂ ಒಬ್ಬ ದೂರದ ನೆಂಟನಿದ್ದಾನೆ. ‘ಚಾಸ್’ ಗಂಟೆಯಾದ ರಷ್ಯನ್ನಿನಲ್ಲಿ ಕಾಲಕ್ಕೆ ‘ವ್ರೇಮ್ಯ’ ಎನ್ನುತ್ತಾರೆ. ಅದರ ಮೂಲದಲ್ಲಿರುವುದು ‘ತಿರುಗು’ ಎಂಬ ಅರ್ಥದ ಧಾತು. ಸಂಸ್ಕೃತದ ‘ವೃತ್’ ಧಾತು ಅದರ ಸೋದರ. ‘ವೃತ್ತ’, ‘ವರ್ತುಲ’, ‘ಆವರ್ತನೆ’ ಹುಟ್ಟಿದ್ದು ಅದರಿಂದಲೇ. ಲೋಲಕದ ಆವರ್ತನ ಕಾಲವನ್ನು ಕಲಿಸುವಾಗ ನಾವು ಬಳಸುವ ಪದದ ಬೇರಿನಲ್ಲೇ ರಷ್ಯನ್ನರ ‘ಕಾಲ’ವೂ ಇದೆ. ಮರಳಿ ಮರಳಿ ಬರುವುದರಿಂದಲೇ ಕಾಲವನ್ನು ಅಳೆಯಲು ಸಾಧ್ಯ ಎಂಬುದನ್ನು ಭಾಷೆ ಭೌತವಿಜ್ಞಾನಕ್ಕಿಂತ ಮೊದಲೇ ಕಂಡುಕೊಂಡಂತಿದೆ.

ಪದವಲ್ಲ, ಪ್ರತೀಕ

ಈಗ ಬಸವನಹುಳುವಿನ ಕಾರಿಗೆ ಮರಳೋಣ. ಉಕ್ರೇನಿನ ವಿದ್ಯುತ್ ಬಿಲ್ಲಿನಲ್ಲಿ ಶಕ್ತಿಯ ಏಕಮಾನ ‘ಕಿಲೋವಾಟ್-ಹೊದ್’. ರಷ್ಯನ್ ಮಾತ್ರ ಬಲ್ಲವನು ಅದನ್ನು ಕಿಲೋವಾಟ್-ವರ್ಷ ಎಂದು ಓದಿದರೆ ನಮ್ಮ ಒಂದು ‘ಯೂನಿಟ್’ 8,760 ಯೂನಿಟ್ ಆಗುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಅದು ಏಳು ವರ್ಷಕ್ಕೂ ಹೆಚ್ಚು ಕಾಲ ಸಾಕು! ಸಾಮಾನ್ಯವಾಗಿ ಸಂದರ್ಭ ನಮ್ಮನ್ನು ಕಾಪಾಡುತ್ತದೆ. ಕಾರು ತೆವಳುವುದಿಲ್ಲವೆಂದು ನಮಗೆ ಗೊತ್ತು. ಆದರೆ ಹಿಮನದಿಯ ಚಲನೆ, ಭೂಫಲಕಗಳ ಸರಿತ, ವಿಕಿರಣಪಟುತ್ವದ ಅರ್ಧಾಯು ಇಂಥ ವಿಷಯಗಳಲ್ಲಿ ಗಂಟೆ, ವರ್ಷ ಎರಡೂ ಬರಬಹುದು. ಅಲ್ಲಿ ಸಂದರ್ಭವೊಂದನ್ನೇ ನಂಬಿ ಕೂಡುವಂತಿಲ್ಲ.

ಅಂತರರಾಷ್ಟ್ರೀಯ ಏಕಮಾನ ಪದ್ಧತಿ ಇದಕ್ಕೆ ಕೊಟ್ಟ ಪರಿಹಾರ ಸರಳ. ಏಕಮಾನದ ಹೆಸರು ಆಯಾ ಭಾಷೆಯದು. ಪ್ರತೀಕ ಮಾತ್ರ ಎಲ್ಲರಿಗೂ ಒಂದೇ. ಗಂಟೆಗೆ ರೋಮನ್ ಲಿಪಿಯ ‘ಎಚ್’ ಎಂಬ ಒಂದೇ ಸಣ್ಣಕ್ಷರ, ಸೆಕೆಂಡಿಗೆ ‘ಎಸ್’. ಪ್ರತೀಕವು ಪದದ ಸಂಕ್ಷಿಪ್ತ ರೂಪವಲ್ಲ; ಅದಕ್ಕೆ ಬಹುವಚನವಿಲ್ಲ, ಚುಕ್ಕಿಯಿಲ್ಲ. ರಷ್ಯಾದ ಮಾನಕವು ಅಂತರರಾಷ್ಟ್ರೀಯ ಪ್ರತೀಕಗಳ ಜೊತೆಗೆ ರಷ್ಯನ್ ಅಕ್ಷರಗಳ ಪ್ರತೀಕಗಳನ್ನೂ ಒಪ್ಪುತ್ತದೆ. ಅಲ್ಲಿ ಗಂಟೆಗೆ ‘ಚ’. ಉಕ್ರೇನಿನ ಓದುಗನಿಗೆ ಆ ಅಕ್ಷರ ನೆನಪಿಸುವುದು ಗಂಟೆಯನ್ನಲ್ಲ, ಕಾಲವನ್ನು.

ಗಂಟೆಯ ಬೇಲಿ ಕೊನೆಗೆ ಎಲ್ಲಿ ನೆಟ್ಟಿತು? ಗಂಟೆ ಎಂದರೆ 3,600 ಸೆಕೆಂಡ್. ಸೆಕೆಂಡ್ ಎಂದರೆ, 1967ರ ನಿರ್ಣಯದಂತೆ, ಸೀಸಿಯಮ್-133 ಪರಮಾಣು ಹೊಮ್ಮಿಸುವ ನಿರ್ದಿಷ್ಟ ವಿಕಿರಣದ 919,26,31,770 ಆವರ್ತನೆಗಳ ಅವಧಿ. ಈ ವ್ಯಾಖ್ಯೆಗೆ ಮಾಸ್ಕೋದ ಸೂರ್ಯೋದಯವೂ ಬೇಡ, ಯಾವ ಭಾಷೆಯ ಪದವೂ ಬೇಡ.

ನಮ್ಮ ತರಗತಿಯಲ್ಲಿ

ಇದು ದೂರದ ನಾಡಿನ ತೊಡಕು ಎಂದು ಅಧ್ಯಾಪಕ ಮಿತ್ರರು ಪಕ್ಕಕ್ಕಿಡಬಾರದು. ಗಂಟೆ ಎಂಬುದು ಕನ್ನಡದಲ್ಲಿ ಬಾರಿಸುವ ಲೋಹದ ಸಾಧನವೂ ಹೌದು, 60 ನಿಮಿಷವೂ ಹೌದು. ಗಳಿಗೆ ಎಂದರೆ ಲೆಕ್ಕದಲ್ಲಿ 24 ನಿಮಿಷ. ಆದರೆ ‘ಒಂದು ಗಳಿಗೆ ತಾಳಿ’ ಎಂದವರು ಯಾರೂ ಅಷ್ಟು ಹೊತ್ತು ಕಾಯಿಸುವುದಿಲ್ಲ. ಉತ್ತರ ಕರ್ನಾಟಕದ ವಿದ್ಯಾರ್ಥಿಗೆ ‘ತಾಸು’ ಸಹಜವಾದ ಮಾತು. ಮೈಸೂರು ಕಡೆಯ ಹುಡುಗನಿಗೆ ಅದು ಪುಸ್ತಕದ ಮಾತು. ಉತ್ತರಪತ್ರಿಕೆಗಳಲ್ಲಿ ಒಂದೇ ಗಂಟೆಗೆ ‘ಗಂ.’, ‘ಎಚ್‌ಆರ್’, ‘ಎಚ್‌ಆರ್‌ಎಸ್’ ಎಂದೂ, ಜವಕ್ಕೆ ‘ಕೆಎಂಪಿಎಚ್’ ಎಂದೂ ಬರೆದದ್ದನ್ನು ನಾನು ಮೂರು ದಶಕಗಳಿಂದ ತಿದ್ದುತ್ತಲೇ ಬಂದಿದ್ದೇನೆ. ಇಷ್ಟು ಸಣ್ಣದಕ್ಕೆ ಅಂಕ ಕಡಿಯಬೇಕೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಈಗ ನನ್ನ ಬಳಿ ಉತ್ತರವಿದೆ: ಬಸವನಹುಳುವಿನ ಕಾರಿನ ಲೆಕ್ಕ.

ಮುಂದಿನ ಬಾರಿ ಏಕಮಾನಗಳ ಪಾಠ ಬಂದಾಗ ಒಂದು ಪ್ರಯೋಗ ಮಾಡಿ. ಮನೆಯ ಹಿರಿಯರು ಬಳಸುವ ಕಾಲದ ಪದಗಳನ್ನು ಪಟ್ಟಿಮಾಡಿ ತರಲು ಮಕ್ಕಳಿಗೆ ಹೇಳಿ: ಹೊತ್ತು, ಜಾವ, ಗಳಿಗೆ, ತಾಸು, ಚಣ, ಹೀಗೆ. ಪ್ರತಿಯೊಂದರ ಮುಂದೆ ಎಷ್ಟು ನಿಮಿಷ ಎಂದು ಬರೆಯಲು ತಿಳಿಸಿ. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದಿದ್ದಾಗ ತಪ್ಪೆಂದು ಅಳಿಸಬೇಡಿ. ಅಜ್ಜಿಯ ಗಳಿಗೆಯೂ ಸರಿ, ಪಂಚಾಂಗದ ಗಳಿಗೆಯೂ ಸರಿ. ಅವೆರಡರ ಕೆಲಸ ಬೇರೆ. ಅಳತೆಗೆಂದು ಕೂತಾಗ ಮಾತ್ರ ಪದವನ್ನು ಬದಿಗಿಟ್ಟು ಪ್ರತೀಕವನ್ನು ಬರೆಯಬೇಕೆಂದು ಆಗ ಹೇಳಿ. ಆ ಹೊತ್ತಿಗೆ ಅವರಿಗೇ ಅದರ ಅಗತ್ಯ ತಿಳಿದಿರುತ್ತದೆ.